ಚಿತ್ರೋತ್ಸವದಲ್ಲಿ ಕೇಳಿಸುವ ನಮ್ಮೂರ ಕನ್ನಡ

ದೊಡ್ಡ ತಾರೆಯರ ಕನ್ನಡ ಸಿನಿಮಾ ನೋಡುವುದಕ್ಕೆ ನಮಗೆ ಮುಂಬೈಯಲ್ಲಿ ಈಗ ತೊಂದರೆಯಿಲ್ಲ. ‘ಕೆಜಿಎಫ್’, ‘ಕಾಂತಾರ’ಗಳು ಹಿಂದಿಗೆ ಡಬ್ ಆಗಿಯೂ ಎಲ್ಲೆಡೆ ಓಡಿದವು. ಆದರೆ ಸಣ್ಣ ಬಂಡವಾಳದ, ಸ್ವತಂತ್ರವಾಗಿ ಮಾಡಿದ ಕನ್ನಡ ಚಿತ್ರವನ್ನು ದೊಡ್ಡ ಪರದೆಯಲ್ಲಿ ನೋಡಬೇಕೆಂದರೆ ನನಗಿದ್ದ ಮುಖ್ಯ ದಾರಿ ‘ಮಾಮಿ’ ಮುಂಬೈ ಚಿತ್ರೋತ್ಸವ. ಆ ವಾರ ಆಫೀಸಿಗೆ ರಜೆ ಹಾಕಬೇಕು, ಬೆಳಿಗ್ಗೆಯೇ ಮೊಬೈಲ್ ಹಿಡಿದು ಸೀಟು ಕಾಯ್ದಿರಿಸಬೇಕು. ಸರ್ವರ್ ಕೈಕೊಟ್ಟರೆ ಐಟಿಯವನಾದರೂ ಅಷ್ಟೇ, ಯಾರಾದರೂ ಅಷ್ಟೇ!

ಇಷ್ಟು ಕಷ್ಟಪಟ್ಟು ಹೋಗುವುದು ಯಾಕೆ? ನನ್ನ ಮಟ್ಟಿಗೆ, ಅಲ್ಲಿ ಕೇಳಿಸುವ ಕನ್ನಡಕ್ಕಾಗಿ. ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದು ಮುಂಬೈ ಉತ್ಸವಕ್ಕೆ ಬಂದಿತ್ತು. ಮಂಡ್ಯ ಸೀಮೆಯ ಹಳ್ಳಿಯವರೇ ನಟಿಸಿ, ತಮ್ಮದೇ ಮಾತಾಡಿದ ಚಿತ್ರ ಅದು. ಇಂಥ ಚಿತ್ರಗಳಿಗೆ ಹೋದಾಗ ಸಭಾಂಗಣದಲ್ಲಿ ಕನ್ನಡಿಗರನ್ನು ಹುಡುಕುವುದು ಸುಲಭ. ಸಬ್‌ಟೈಟಲ್ ಓದುವವರಿಗಿಂತ ಅರ್ಧ ಕ್ಷಣ ಮೊದಲೇ ನಗುವವರು ನಮ್ಮವರು. ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರೂ ಇಂಗ್ಲಿಷಿನಲ್ಲಿ ‘ಆಂಟಿ’ ಆಗಿಬಿಟ್ಟರೆ ಆ ಸೊಗಸು ಎಲ್ಲಿಂದ ಬರಬೇಕು?

ನಟೇಶ್ ಹೆಗಡೆಯವರ ‘ಪೆಡ್ರೊ’ದಲ್ಲಿರುವುದು ಉತ್ತರ ಕನ್ನಡದ ಮಳೆ, ಕಾಡು ಮತ್ತು ಊರಿನವರ ಸಿಟ್ಟಿಗೆ ಗುರಿಯಾದ ಒಬ್ಬ ಮನುಷ್ಯ. ಆ ಪಾತ್ರ ಮಾಡಿದವರು ನಿರ್ದೇಶಕರ ತಂದೆ ಗೋಪಾಲ ಹೆಗಡೆ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ್ದು. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸೊಬ್ಬಳು ನೆಟ್‌ವರ್ಕ್ ಮಾರ್ಕೆಟಿಂಗ್ ನಂಬಿ ಮನೆಮನೆಗೆ ಪೇಯದ ಪುಡಿ ಮಾರಲು ಹೊರಡುವ ಕಥೆ. 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು.

ನಮ್ಮನ್ನು ಹೆಚ್ಚು ತಟ್ಟಬೇಕಾದದ್ದು ಸುಮಂತ್ ಭಟ್ಟರ ‘ಮಿಥ್ಯ’. ಇದರ ಮೊದಲ ಪ್ರದರ್ಶನ ನಡೆದದ್ದೇ 2023ರ ಮುಂಬೈ ಉತ್ಸವದಲ್ಲಿ. ಮುಂಬೈಯಲ್ಲಿ ಬೆಳೆದ ಹನ್ನೊಂದು ವರ್ಷದ ಹುಡುಗ ತಂದೆತಾಯಿಯನ್ನು ಕಳೆದುಕೊಂಡು ಉಡುಪಿಯ ಚಿಕ್ಕಮ್ಮನ ಮನೆಗೆ ಬರುತ್ತಾನೆ. ನಾವೆಲ್ಲ ‘ಊರು’ ಎಂದು ಹಂಬಲಿಸುವ ಜಾಗ ಅವನಿಗೆ ಪರವೂರು. ನಮ್ಮ ಮಕ್ಕಳೂ ಹೀಗೇ ಅಲ್ಲವೇ? ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಟ್ಟು ನಮ್ಮ ಮುಖ ನೋಡುವ ಮಕ್ಕಳಿಗೆ ಊರು ಅಂದರೆ ಏನು ಎಂದು ನಾನು ಯೋಚಿಸಿದ್ದು ಈ ಚಿತ್ರ ನೋಡಿದ ಮೇಲೆ.

ಉತ್ಸವದಲ್ಲಿ ಚಪ್ಪಾಳೆ ಬಿದ್ದ ಮೇಲೆ ಇವುಗಳ ಗತಿ ಏನು? ‘ಮಿಥ್ಯ’ ಚಿತ್ರಮಂದಿರಕ್ಕೆ ಬಂದದ್ದು 2025ರ ಮಾರ್ಚ್‌ನಲ್ಲಿ. ‘ಶಿವಮ್ಮ’ 2024ರ ಜೂನ್‌ವರೆಗೆ ಕಾಯಬೇಕಾಯಿತು. ಓಟಿಟಿಗಳೂ ಸುಲಭವಾಗಿ ಬಾಗಿಲು ತೆರೆಯುವುದಿಲ್ಲ. ಸುಮಂತ್ ಭಟ್ಟರೂ ಸೇರಿ ರೂಪಿಸಿದ ‘ಏಕಂ’ ಸರಣಿಯನ್ನು ಯಾರೂ ಕೊಳ್ಳದೆ, ನಿರ್ಮಾಪಕ ರಕ್ಷಿತ್ ಶೆಟ್ಟಿ 2024ರಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಿದರು. ಸಾಲದ್ದಕ್ಕೆ 2025ರಲ್ಲಿ ಮುಂಬೈ ಉತ್ಸವವೇ ನಡೆಯಲಿಲ್ಲ. ಇದ್ದ ಒಂದು ಕಿಟಕಿಯೂ ಆ ವರ್ಷ ಮುಚ್ಚಿತು.

ಹಾಗಾದರೆ ನಾವು ಕಾಯುತ್ತಾ ಕೂರಬೇಕೇ? ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘದಂಥ ಸಂಸ್ಥೆಗಳು ನಾಟಕ, ಯಕ್ಷಗಾನಗಳನ್ನು ಈ ಊರಲ್ಲಿ ಉಳಿಸಿಕೊಂಡು ಬಂದಿವೆ. ಅದೇ ಹುರುಪಿನಲ್ಲಿ ನಮ್ಮ ಸಂಘಗಳು ಮೂರು ತಿಂಗಳಿಗೊಂದು ಚಿತ್ರ ತೋರಿಸಬಹುದು. ನಿರ್ಮಾಪಕರ ಅನುಮತಿ ಪಡೆದು, ಅವರಿಗೆ ಸಲ್ಲಬೇಕಾದ ಹಣ ಕೊಟ್ಟು, ಟಿಕೆಟ್ ಇಟ್ಟೇ ತೋರಿಸೋಣ. ಪುಕ್ಕಟೆ ಬೇಡ. ಸಬ್‌ಟೈಟಲ್ ಇರುವುದರಿಂದ ಕನ್ನಡ ಓದಲು ಬಾರದ ನಮ್ಮ ಮಕ್ಕಳೂ ಪಕ್ಕದ ಮನೆಯ ಮರಾಠಿ ಗೆಳೆಯರೂ ಬರಬಹುದು. ಪುಣೆಯಲ್ಲಿರುವವರಿಗೆ ಪಿಫ್ ಉತ್ಸವವೂ ಇದೆ. ಅದರ ಪಟ್ಟಿ ಬಂದ ಕೂಡಲೇ ಕನ್ನಡ ಚಿತ್ರವಿದೆಯೇ ನೋಡಿ, ಇದ್ದರೆ ಹತ್ತು ಜನಕ್ಕೆ ಹೇಳಿ. ಖಾಲಿ ಕುರ್ಚಿಗಳಿಗೆ ಯಾರೂ ಎರಡನೇ ಸಲ ಸಿನಿಮಾ ತೋರಿಸುವುದಿಲ್ಲ.