ಹಳೆಯ ಆಟದ ಬಗ್ಗಿಗೆ ಹೊಸ ಜೀವ

ಮಾನವನ ಕೈಯಿಂದ ರೂಪುಗೊಂಡ ವಸ್ತುಗಳಲ್ಲಿ ಕೆಲವು ದುಡಿದು ಸವೆಯುತ್ತವೆ; ಮತ್ತೆ ಕೆಲವು ದುಡಿಯದೆಯೇ ಹಾಳಾಗುತ್ತವೆ. ಮೊದಲನೆಯದು ಸಹಜವಾದ ಮುಪ್ಪು. ಎರಡನೆಯದು ನಮ್ಮ ಅಲಕ್ಷ್ಯದ ಫಲ. ಅಟ್ಟದ ಮೇಲೆ ಧೂಳು ಹಿಡಿದು ಕುಳಿತ ಹಳೆಯ ವಸ್ತುವೊಂದನ್ನು ಕೆಳಗಿಳಿಸಿ, ಶುದ್ಧಗೊಳಿಸಿ, ಅದರ ಮೂಲಸ್ವರೂಪಕ್ಕೆ ಭಂಗ ಬಾರದಂತೆ ಮತ್ತೆ ಬಳಕೆಗೆ ತರುವುದು ಒಂದು ವಿದ್ಯೆಯೇ ಸರಿ. ಆ ವಿದ್ಯೆಯನ್ನು ವಿವರಿಸಲು ನಾವು ಈ ಸಲ ಆಯ್ದುಕೊಂಡಿರುವುದು ಒಂದು ಆಟಿಕೆಯನ್ನು. ಆಟಿಕೆಯೆಂದು ವಾಚಕರು ಹಗುರಾಗಿ ಭಾವಿಸಬಾರದು. ಮಕ್ಕಳ ಕೈಗೆ ಯಂತ್ರಶಾಸ್ತ್ರದ ಮೊದಲ ಪಾಠವನ್ನಿತ್ತ ವಸ್ತುಗಳಲ್ಲಿ ರೇಡಿಯೋ ನಿಯಂತ್ರಿತ ಬಗ್ಗಿಗೆ ಗೌರವದ ಸ್ಥಾನವಿದೆ.

ಈ ಬಗ್ಗಿಗಳ ಕಥೆ ಜಪಾನ್ ದೇಶದ ಶಿಜುವೊಕಾ ನಗರಕ್ಕೆ ಸೇರಿದುದು. ಅಲ್ಲಿ 1946ರಲ್ಲಿ ಯೋಶಿಯೋ ತಾಮಿಯಾ ಎಂಬುವರು ಮರದ ದಿಮ್ಮಿಗಳನ್ನು ಕೊಯ್ದು ಮಾರುವ ಉದ್ಯಮವನ್ನು ಆರಂಭಿಸಿದರು. ಕ್ರಮೇಣ ಅದೇ ಸಂಸ್ಥೆ ಮರದ ಮಾದರಿಗಳನ್ನು ತಯಾರಿಸಿತು; ಕಾಲ ಬದಲಾದಾಗ ಪ್ಲಾಸ್ಟಿಕ್ ಮಾದರಿಗಳತ್ತ ತಿರುಗಿತು. ಅವರ ಪುತ್ರ ಶುನ್‌ಸಾಕು ತಾಮಿಯಾ ಅವರ ಕಾಲದಲ್ಲಿ ಸಂಸ್ಥೆಯ ಹೆಸರು ಲೋಕಪ್ರಸಿದ್ಧವಾಯಿತು. ಪೋರ್ಷೆ ಕಾರಿನ ಮಾದರಿಯನ್ನು ನಿಖರವಾಗಿ ಮಾಡಬೇಕೆಂಬ ಹಂಬಲದಿಂದ ಅವರು ನಿಜವಾದ ಪೋರ್ಷೆ ಕಾರೊಂದನ್ನೇ ಕೊಂಡು ಬಿಚ್ಚಿ ನೋಡಿದರೆಂಬುದು ಆ ಕ್ಷೇತ್ರದಲ್ಲಿ ಎಲ್ಲರೂ ಬಲ್ಲ ಸಂಗತಿ. 1976ರಲ್ಲಿ ಸಂಸ್ಥೆಯ ಮೊದಲ ರೇಡಿಯೋ ನಿಯಂತ್ರಿತ ಕಾರು, ಪೋರ್ಷೆ 934, ಹೊರಬಂದಿತು. ಶುನ್‌ಸಾಕು ಅವರು 2025ರಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ಮೊದಲ ಕಾರುಗಳು ನಯವಾದ ನೆಲವನ್ನು ಬೇಡುತ್ತಿದ್ದವು. ಮಣ್ಣು, ಮರಳು, ಹುಲ್ಲುಗಳ ಮೇಲೂ ಓಡಬಲ್ಲ ಬಗ್ಗಿಗಳು ಬಂದದ್ದು 1979ರಲ್ಲಿ. ರಫ್ ರೈಡರ್, ಸ್ಯಾಂಡ್ ಸ್ಕಾರ್ಚರ್ ಎಂಬವು ಆ ವರ್ಷದವು. 1983ರಲ್ಲಿ ಫ್ರಾಗ್, 1984ರಲ್ಲಿ ಗ್ರಾಸ್‌ಹಾಪರ್ ಮತ್ತು ಹಾರ್ನೆಟ್, ಅಂದರೆ ಕಪ್ಪೆ, ಮಿಡತೆ, ಕಣಜ, ಒಂದರ ಹಿಂದೊಂದು ಬಂದವು. ಇವೆಲ್ಲವೂ ನಿಜವಾದ ವಾಹನದ ಹತ್ತನೆಯ ಒಂದು ಪ್ರಮಾಣದವು. ಸಿದ್ಧವಾಗಿ ಸಿಗುತ್ತಿರಲಿಲ್ಲ; ಪೆಟ್ಟಿಗೆಯಲ್ಲಿ ಬಿಡಿಭಾಗಗಳಾಗಿ ಬರುತ್ತಿದ್ದವು. ಕೊಂಡವನು ಪುಸ್ತಿಕೆಯನ್ನು ನೋಡುತ್ತ ಗೇರುಗಳನ್ನು ಕೂಡಿಸಿ, ಸ್ಕ್ರೂ ಬಿಗಿದು, ತಂತಿ ಜೋಡಿಸಿ, ಮೇಲ್ಕವಚಕ್ಕೆ ಬಣ್ಣ ಹಚ್ಚಬೇಕು. ತಾನೇ ಕಟ್ಟಿದ್ದನ್ನು ತಾನೇ ದುರಸ್ತಿ ಮಾಡಬಲ್ಲೆನೆಂಬ ಧೈರ್ಯ ಆ ಬಾಲಕನಿಗೆ ಬರುತ್ತಿತ್ತು. ಇಂದಿನ ಎಷ್ಟೋ ಆಟಿಕೆಗಳು ಕೊಡಲಾರದ ಸಂಪತ್ತು ಅದು.

ನಾವು ಉದಾಹರಣೆಗಾಗಿ ಹಾರ್ನೆಟ್ ಬಗ್ಗಿಯನ್ನು ತೆಗೆದುಕೊಳ್ಳೋಣ. ಅದರ ರಚನೆ ಬಲು ಸರಳ. ತೊಟ್ಟಿಯಾಕಾರದ ಪ್ಲಾಸ್ಟಿಕ್ ಚಾಸಿಸ್. ಮುಂದೆ ಸ್ಪ್ರಿಂಗಿನ ಮೇಲೆ ಬೇರೆಬೇರೆಯಾಗಿ ಆಡುವ ಎರಡು ತೋಳುಗಳು. ಹಿಂದೆ ಮೋಟಾರು, ಗೇರುಪೆಟ್ಟಿಗೆ, ಅಚ್ಚು ಮೂರೂ ಒಂದೇ ಗಂಟಾಗಿ ಮೇಲೆ ಕೆಳಗೆ ತೂಗುವ ವ್ಯವಸ್ಥೆ. ಅದಕ್ಕೆ ಆಸರೆಯಾಗಿ ಎಣ್ಣೆ ತುಂಬಿದ ಎರಡು ಶಾಕ್ ಅಬ್ಸಾರ್ಬರುಗಳು. ಇಷ್ಟು ಭಾರ ಹಿಂದೆ ತೂಗುವುದರಿಂದ ಬಗ್ಗಿ ಉಬ್ಬುತಗ್ಗಿನಲ್ಲಿ ಕುಪ್ಪಳಿಸುತ್ತದೆ. ದೋಷವೆಂದರೆ ದೋಷ, ಅಂದವೆಂದರೆ ಅಂದ. ಇದನ್ನು ಪ್ರೀತಿಸುವವರು ಆ ಕುಪ್ಪಳಿಕೆಯನ್ನೇ ಅದರ ಗುರುತೆಂದು ಭಾವಿಸುತ್ತಾರೆ.

ಮೊದಲು ಪರೀಕ್ಷೆ, ಅನಂತರ ಚಿಕಿತ್ಸೆ

ವೈದ್ಯನು ರೋಗಿಯ ನಾಡಿ ಹಿಡಿಯದೆ ಔಷಧಿ ಕೊಡುವುದಿಲ್ಲ. ಹಾಗೆಯೇ ಹೊಸ ಭಾಗಗಳನ್ನು ಕೊಳ್ಳುವ ಮುನ್ನ ಹಳೆಯ ಬಗ್ಗಿಯನ್ನು ಸಂಪೂರ್ಣವಾಗಿ ಬಿಚ್ಚಿ ನೋಡಬೇಕು. ಜಪಾನಿನ ಸ್ಕ್ರೂಗಳ ತಲೆಯ ಅಡ್ಡಗೆರೆ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರಿಗೆ ಸರಿಯಾಗಿ ಹೊಂದುವುದಿಲ್ಲ. ಬಲವಂತ ಮಾಡಿದರೆ ತಲೆ ಸವೆದುಹೋಗುತ್ತದೆ. ಜಪಾನೀ ಅಳತೆಯ ಸ್ಕ್ರೂಡ್ರೈವರನ್ನೇ ಬಳಸುವುದು ಉಚಿತ. ಬಿಚ್ಚಿದ ಸ್ಕ್ರೂಗಳನ್ನು ಗುಂಪುಗುಂಪಾಗಿ ಬೇರೆ ಬಟ್ಟಲುಗಳಲ್ಲಿ ಇರಿಸಿದರೆ ಮರುಜೋಡಣೆಯಲ್ಲಿ ಗೊಂದಲವಾಗದು.

ನಾಲ್ಕು ದಶಕಗಳ ಪ್ಲಾಸ್ಟಿಕ್ ಎಲ್ಲವೂ ಒಂದೇ ಬಗೆಯಾಗಿ ಮುಪ್ಪಾಗುವುದಿಲ್ಲ. ಚಾಸಿಸ್ಸಿನ ಪ್ಲಾಸ್ಟಿಕ್ ಬಿಸಿಲಿಗೆ ಪೆಡಸಾಗಿರುತ್ತದೆ. ಸ್ಕ್ರೂ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕುಗಳನ್ನು ಹುಡುಕಬೇಕು. ನೈಲಾನ್ ಭಾಗಗಳ ಕಥೆ ಬೇರೆ. ನೈಲಾನ್ ಗಾಳಿಯ ತೇವವನ್ನು ಹೀರಿಕೊಂಡು ಬಾಗುವ ಗುಣ ಪಡೆಯುತ್ತದೆ, ಒಣಗಿದರೆ ಮುರಿಯುತ್ತದೆ. ಅಂಥವನ್ನು ನೀರಿನಲ್ಲಿ ಕೆಲಕಾಲ ಕುದಿಸಿ ಮತ್ತೆ ಗಟ್ಟಿಮುಟ್ಟಾಗಿಸುವುದು ಅನುಭವಿಗಳ ಪದ್ಧತಿ. ಟೈರುಗಳ ರಬ್ಬರು ಸೀಳಿದ್ದರೆ ಬದಲಿಸುವುದೇ ಲೇಸು. ತಾಮಿಯಾ ಸಂಸ್ಥೆಯು ಹಾರ್ನೆಟ್ಟನ್ನು 2004ರಲ್ಲಿಯೂ ಗ್ರಾಸ್‌ಹಾಪರನ್ನು 2005ರಲ್ಲಿಯೂ ಮರುಬಿಡುಗಡೆ ಮಾಡಿತು. ಆ ಮರುಮುದ್ರಣದ ಬಿಡಿಭಾಗಗಳಲ್ಲಿ ಹೆಚ್ಚಿನವು ಹಳೆಯ ಬಗ್ಗಿಗೆ ಹೊಂದುವುದರಿಂದ ದುರಸ್ತಿಯ ದಾರಿ ಸುಗಮವಾಗಿದೆ.

ಗಾಳಿಯಲ್ಲಿ ಬರುವ ಆಜ್ಞೆ

ಹಳೆಯ ಬಗ್ಗಿಗಳ ರೇಡಿಯೋ 27 ಮೆಗಾಹರ್ಟ್ಸ್‌ನಂಥ ತರಂಗಗಳಲ್ಲಿ ಕೆಲಸ ಮಾಡುತ್ತಿತ್ತು. ಟ್ರಾನ್ಸ್‌ಮಿಟರಿನಲ್ಲಿಯೂ ಬಗ್ಗಿಯ ರಿಸೀವರಿನಲ್ಲಿಯೂ ಜೋಡಿ ಸ್ಫಟಿಕಗಳಿದ್ದು ಅವು ಮಾರ್ಗವನ್ನು ನಿಶ್ಚಯಿಸುತ್ತಿದ್ದವು. ಅಮೆರಿಕದಲ್ಲಿ ಈ ಪಟ್ಟಿಯೊಳಗೆ 6 ಮಾರ್ಗಗಳಿದ್ದು ಪ್ರತಿಯೊಂದಕ್ಕೂ ಒಂದು ಬಣ್ಣದ ಗುರುತಿತ್ತು. ಒಂದೇ ಬಣ್ಣದ ಇಬ್ಬರು ಒಟ್ಟಿಗೆ ಆಡತೊಡಗಿದರೆ ಒಬ್ಬನ ಆಜ್ಞೆಗೆ ಮತ್ತೊಬ್ಬನ ಬಂಡಿ ಓಡಿ ಗೋಡೆಗೆ ಬಡಿಯುತ್ತಿತ್ತು. ಇಂದಿನ 2.4 ಗಿಗಾಹರ್ಟ್ಸ್ ರೇಡಿಯೋದಲ್ಲಿ ಪ್ರತಿ ರಿಸೀವರೂ ತನ್ನ ಒಡೆಯನಾದ ಟ್ರಾನ್ಸ್‌ಮಿಟರಿನ ಗುರುತುಸಂಖ್ಯೆಯನ್ನು ನೆನಪಿಟ್ಟುಕೊಳ್ಳುತ್ತದೆ. ಅನ್ಯರ ಆಜ್ಞೆಗೆ ಕಿವಿಗೊಡದು. ಸಂಪರ್ಕ ಕಡಿದರೆ ಬಂಡಿಯನ್ನು ನಿಲ್ಲಿಸುವ ರಕ್ಷಣಾ ವ್ಯವಸ್ಥೆಯೂ ಹಲವದರಲ್ಲಿದೆ. ಮಕ್ಕಳಿರುವ ಅಂಗಳದಲ್ಲಿ ಇದೊಂದೇ ಕಾರಣಕ್ಕಾಗಿಯಾದರೂ ರೇಡಿಯೋ ಬದಲಿಸುವುದು ಯೋಗ್ಯ.

ಹಳೆಯ ಸರ್ವೋವನ್ನು ಹೊಸ ರಿಸೀವರಿಗೆ ಜೋಡಿಸುವವರು ಒಂದು ಎಚ್ಚರ ವಹಿಸಬೇಕು. ಆ ಕಾಲದಲ್ಲಿ ಒಂದೊಂದು ತಯಾರಕರ ತಂತಿಗಳ ಕ್ರಮ ಒಂದೊಂದು ಬಗೆಯಾಗಿತ್ತು. ಧನ, ಋಣ, ಸಂಕೇತ ಎಂಬ ಮೂರು ತಂತಿಗಳು ಎಲ್ಲಿವೆಯೆಂದು ನೋಡದೆ ತುರುಕಿದರೆ ಸರ್ವೋ ಸುಟ್ಟುಹೋಗಬಹುದು. ಹೊಸ ರಿಸೀವರಿಗೆ ಉದ್ದನೆಯ ಏರಿಯಲ್ ಬೇಕಿಲ್ಲ. ಆದರೂ ಬಗ್ಗಿಯ ಬೆನ್ನ ಮೇಲೆ ತೂಗಾಡುವ ಆ ತೆಳು ಕೊಳವೆಯನ್ನು ಅನೇಕರು ಹಾಗೆಯೇ ಉಳಿಸಿಕೊಳ್ಳುತ್ತಾರೆ. ಕೆಲಸವಿಲ್ಲದಿದ್ದರೂ ಕಳೆ ಅದರಿಂದಲೇ ಇದೆ.

ವೇಗದ ಲಗಾಮು

ಹಳೆಯ ಬಗ್ಗಿಯಲ್ಲಿ ಎರಡು ಸರ್ವೋಗಳಿದ್ದವು. ಒಂದು ಚಕ್ರ ತಿರುಗಿಸುತ್ತಿತ್ತು. ಇನ್ನೊಂದು ಯಾಂತ್ರಿಕ ವೇಗನಿಯಂತ್ರಕದ ತಾಮ್ರದ ನಾಲಗೆಯನ್ನು ಅತ್ತಿತ್ತ ಸರಿಸುತ್ತಿತ್ತು. ವೇಗ ತಗ್ಗಿಸಬೇಕಾದಾಗ ವಿದ್ಯುತ್ತು ರೆಸಿಸ್ಟರೊಂದರ ಮೂಲಕ ಹಾದು, ಮೋಟಾರಿಗೆ ತಲುಪದ ಶಕ್ತಿಯೆಲ್ಲ ಬಿಸಿಯಾಗಿ ವ್ಯರ್ಥವಾಗುತ್ತಿತ್ತು. ನಿಧಾನವಾಗಿ ಓಡಿಸಿದಷ್ಟೂ ರೆಸಿಸ್ಟರು ಕೈಸುಡುವಂತಾಗುತ್ತಿತ್ತು. ಅದರ ಸ್ಥಾನದಲ್ಲಿ ಈಗ ಎಲೆಕ್ಟ್ರಾನಿಕ್ ವೇಗನಿಯಂತ್ರಕವನ್ನು ಕೂರಿಸುತ್ತಾರೆ. ಅದು ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ತೆರೆದು ಮುಚ್ಚಿ, ಬೇಕಾದಷ್ಟನ್ನೇ ಮೋಟಾರಿಗೆ ಕೊಡುತ್ತದೆ. ಎರಡನೆಯ ಸರ್ವೋ ಬೇಕಾಗುವುದಿಲ್ಲ. ರಿಸೀವರಿಗೆ ಬೇಕಾದ ವಿದ್ಯುತ್ತನ್ನೂ ಇದೇ ಒದಗಿಸುವುದರಿಂದ ಪ್ರತ್ಯೇಕ ಬ್ಯಾಟರಿಯ ಭಾರವೂ ತಪ್ಪುತ್ತದೆ.

ಇದರೊಡನೆ ಮಾಡಬೇಕಾದ ಇನ್ನೊಂದು ಕಿರಿಯ ಕೆಲಸವುಂಟು. ಮೂಲ ಬಗ್ಗಿಯಲ್ಲಿ ಚಕ್ರಗಳೂ ಗೇರುಗಳೂ ತಿರುಗುವೆಡೆಗಳಲ್ಲಿ ಹೆಚ್ಚಾಗಿ ಪ್ಲಾಸ್ಟಿಕ್ ಬುಶ್‌ಗಳಿರುತ್ತಿದ್ದವು. ಅವು ಮಣ್ಣನ್ನು ಹಿಡಿದುಕೊಂಡು ಅಚ್ಚನ್ನೇ ತಿನ್ನುತ್ತವೆ. ಅದೇ ಅಳತೆಯ ಬಾಲ್ ಬೇರಿಂಗುಗಳನ್ನು ಕೂರಿಸಿದರೆ ಘರ್ಷಣೆ ತಗ್ಗುತ್ತದೆ, ಮೋಟಾರು ತಣ್ಣಗಿರುತ್ತದೆ, ಬ್ಯಾಟರಿ ಹೆಚ್ಚುಕಾಲ ಬಾಳುತ್ತದೆ. ಹೊರಗೆ ಕಾಣದ, ಯಾವ ಭಾಗವನ್ನೂ ಕೆಡಿಸದ ಈ ಸುಧಾರಣೆಯೇ ಎಲ್ಲಕ್ಕಿಂತ ಶ್ರೇಷ್ಠವೆಂದು ನಮ್ಮ ಅಭಿಮತ.

ಬ್ಯಾಟರಿ: ಬಲವೂ ಭಯವೂ

1980ರ ದಶಕದ ಬ್ಯಾಟರಿಗಳು ನಿಕ್ಕಲ್ ಕ್ಯಾಡ್ಮಿಯಂನವು. 1.2 ವೋಲ್ಟಿನ 6 ಕೋಶಗಳು ಸೇರಿ 7.2 ವೋಲ್ಟ್; ಶೇಖರಣಾ ಶಕ್ತಿ ಸುಮಾರು 1200 ಮಿಲಿ ಆಂಪಿಯರ್ ಗಂಟೆ. ಕ್ಯಾಡ್ಮಿಯಂ ವಿಷಲೋಹ. ಹಳೆಯ ಬ್ಯಾಟರಿ ಸೋರಿದ್ದರೆ ಬರಿಗೈಯಿಂದ ಮುಟ್ಟಬಾರದು, ಮನೆಯ ಕಸಕ್ಕೆ ಎಸೆಯಬಾರದು. ಭಾರತದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳಿಗೂ ಅನ್ವಯಿಸುತ್ತವೆ. ಅಂಥವನ್ನು ಪುನರ್ಬಳಕೆಗಾಗಿ ಸಂಗ್ರಹಿಸುವವರಿಗೇ ಒಪ್ಪಿಸುವುದು ನಮ್ಮ ಕರ್ತವ್ಯ.

ಅದರ ಸ್ಥಾನಕ್ಕೆ ಎರಡು ಆಯ್ಕೆಗಳಿವೆ. ಮೊದಲನೆಯದು ನಿಕ್ಕಲ್ ಮೆಟಲ್ ಹೈಡ್ರೈಡ್. ಅದೇ ಗಾತ್ರ, ಅದೇ 7.2 ವೋಲ್ಟ್, ಆದರೆ 3000 ಮಿಲಿ ಆಂಪಿಯರ್ ಗಂಟೆಯ ಶಕ್ತಿ ಸುಲಭವಾಗಿ ದೊರೆಯುತ್ತದೆ. ಅಂದರೆ ಹಳೆಯದಕ್ಕಿಂತ ಎರಡೂವರೆ ಪಟ್ಟು. ಎರಡನೆಯದು ಲಿಥಿಯಂ ಪಾಲಿಮರ್. ಇದರ ಎರಡು ಕೋಶಗಳಿಂದ 7.4 ವೋಲ್ಟ್, ಪೂರ್ತಿ ತುಂಬಿದಾಗ 8.4 ವೋಲ್ಟ್. ತೂಕ ಕಡಿಮೆ, ಬಲ ಹೆಚ್ಚು. ಆದರೆ ಈ ಬಲದೊಡನೆ ಅಪಾಯವೂ ಮನೆಯೊಳಗೆ ಬರುತ್ತದೆಂಬುದನ್ನು ತಾಯಂದಿರೂ ತಂದೆಯರೂ ಚೆನ್ನಾಗಿ ಮನಗಾಣಬೇಕು. ಅತಿಯಾಗಿ ತುಂಬಿಸಿದರೆ, ಚುಚ್ಚಿದರೆ, ಜಜ್ಜಿದರೆ ಲಿಥಿಯಂ ಬ್ಯಾಟರಿ ಹೊತ್ತಿಕೊಂಡು ಉರಿಯಬಲ್ಲುದು. ಆ ಹೊಗೆ ವಿಷಕಾರಿ.

ಆದುದರಿಂದ ಕೆಲವು ನಿಯಮಗಳನ್ನು ತಪ್ಪದೆ ಪಾಲಿಸಬೇಕು. ಲಿಥಿಯಂಗೆಂದೇ ಮಾಡಿದ, ಕೋಶಗಳನ್ನು ಸಮತೂಗಿಸುವ ಚಾರ್ಜರನ್ನೇ ಬಳಸಬೇಕು. 3000 ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿಗೆ 3 ಆಂಪಿಯರಿಗಿಂತ ಹೆಚ್ಚು ಹರಿಸದಿರುವುದು ಕ್ಷೇಮ. ಚಾರ್ಜು ಮಾಡುವಾಗ ಹಾಸಿಗೆ, ಪರದೆ, ಕಾಗದಗಳಿಂದ ದೂರವಾಗಿ ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲಿಟ್ಟು ದೊಡ್ಡವರೊಬ್ಬರು ಹತ್ತಿರವಿರಬೇಕು. ರಾತ್ರಿ ಹಾಕಿ ಮಲಗುವುದು ಸರ್ವಥಾ ಸಲ್ಲದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಕೂಡದು. ಒಂದು ಕೋಶ 3 ವೋಲ್ಟಿಗಿಂತ ಕೆಳಗಿಳಿದರೆ ಹಾಳಾಗುವುದರಿಂದ, ಕಡಿಮೆಯಾದಾಗ ತಾನೇ ನಿಲ್ಲಿಸುವ ಗುಣವುಳ್ಳ ವೇಗನಿಯಂತ್ರಕವಿರಬೇಕು. ಇಲ್ಲವೇ ಕೂಗಿ ಎಚ್ಚರಿಸುವ ಪುಟ್ಟ ಅಲಾರಮನ್ನು ಜೋಡಿಸಬೇಕು. ಇಷ್ಟು ಜಾಗರೂಕತೆ ನಮ್ಮ ಮನೆಯಲ್ಲಿ ಸಾಧ್ಯವಿಲ್ಲವೆನಿಸಿದರೆ ಮೊದಲನೆಯ ಬಗೆಯನ್ನೇ ಆರಿಸಿಕೊಳ್ಳುವುದು ವಿವೇಕ. ಹಾರ್ನೆಟ್‌ನಂಥ ಸರಳ ಬಗ್ಗಿಗೆ ಅದು ಧಾರಾಳವಾಗಿ ಸಾಕು.

ಇನ್ನೊಂದು ಮಾತು. ಹಾರ್ನೆಟ್‌ನ ಬ್ಯಾಟರಿಯ ಗೂಡು ಉರುಳೆಯಾಕಾರದ ಕೋಶಗಳಿಗಾಗಿ ಮಾಡಿದ್ದು. ಚೌಕಾಕಾರದ ಹೊಸ ಬ್ಯಾಟರಿ ಹಿಡಿಸಲಿಲ್ಲವೆಂದು ಕೆಲವರು ಚಾಸಿಸ್ಸನ್ನೇ ಕೊರೆಯುತ್ತಾರೆ. ಅಂಚು ದುಂಡಗಿರುವ ಬ್ಯಾಟರಿಗಳು ಮಾರುಕಟ್ಟೆಯಲ್ಲಿರುವಾಗ ಹಳೆಯ ದೇಹಕ್ಕೆ ಗಾಯ ಮಾಡುವುದೇತಕ್ಕೆ?

ಅತಿ ಆಸೆ ಗತಿ ಕೇಡು

ಹಾರ್ನೆಟ್ ಜೊತೆ ಬರುತ್ತಿದ್ದುದು 540 ವರ್ಗದ ಬ್ರಷ್ ಮೋಟಾರು. ಅದರ ತಮ್ಮನಂತಿದ್ದ ಗ್ರಾಸ್‌ಹಾಪರಿಗೆ ಇನ್ನೂ ಚಿಕ್ಕದಾದ 380 ವರ್ಗದ್ದು. ಈಗ ಕಾರ್ಬನ್ ಬ್ರಷ್‌ಗಳೇ ಇಲ್ಲದ, ಮೂರು ತಂತಿಯ ಬ್ರಷ್‌ಲೆಸ್ ಮೋಟಾರುಗಳು ಬಂದಿವೆ. ಸವೆತವಿಲ್ಲ, ಶಕ್ತಿ ಅಪಾರ. ಅದನ್ನು ಕಂಡು ಹುಡುಗರ ಮನಸ್ಸು ಹಿಗ್ಗುವುದು ಸಹಜ. ಆದರೆ 1984ರ ಗೇರುಪೆಟ್ಟಿಗೆ ಆ ಕಾಲದ ಮೋಟಾರಿನ ಹೊರೆಗಾಗಿ ರೂಪಿಸಿದುದು. ಅದರ ಮೇಲೆ ಹಲವು ಪಟ್ಟು ಬಲ ಹೇರಿದರೆ ಗೇರಿನ ಹಲ್ಲುಗಳು ಮುರಿಯುತ್ತವೆ, ಅಚ್ಚು ತಿರುಚುತ್ತದೆ, ಕುಪ್ಪಳಿಸುವ ಸ್ವಭಾವದ ಬಂಡಿ ಮಗುಚಿ ಬೀಳುತ್ತದೆ. ಮುದಿ ಎತ್ತಿಗೆ ಎಳೆಯ ಹೋರಿಯ ಹೊರೆ ಹೊರಿಸಿದಂತೆ ಅದು. ಹೊಸದಾದ ಸಾಧಾರಣ 540 ಮೋಟಾರೊಂದೇ, ಬೇರಿಂಗುಗಳ ನೆರವಿನಿಂದ, ಬಗ್ಗಿಯನ್ನು ಅದರ ಯೌವನದ ದಿನಗಳಿಗಿಂತ ಚುರುಕಾಗಿ ಓಡಿಸುತ್ತದೆ.

ಏನನ್ನು ಉಳಿಸಬೇಕು?

ಇಲ್ಲಿಗೆ ಮೂಲ ಪ್ರಶ್ನೆಗೆ ಬಂದೆವು. ರೇಡಿಯೋ, ವೇಗನಿಯಂತ್ರಕ, ಬ್ಯಾಟರಿ, ಮೋಟಾರು ಎಲ್ಲವನ್ನೂ ಬದಲಿಸಿದ ಮೇಲೆ ಅದು ಹಳೆಯ ಬಗ್ಗಿಯೇ ಹೌದೇ? ಕೆಲವರು ಅಲ್ಲವೆನ್ನುತ್ತಾರೆ, ಗಾಜಿನ ಕಪಾಟಿನಲ್ಲಿ ಇದ್ದಂತೆಯೇ ಇರಲಿ ಎನ್ನುತ್ತಾರೆ. ಪೆಟ್ಟಿಗೆಯನ್ನೂ ತೆರೆಯದ ಅಪರೂಪದ ಮಾದರಿಗಳ ವಿಷಯದಲ್ಲಿ ಆ ಮಾತಿಗೆ ನ್ಯಾಯವಿದೆ. ಆದರೆ ಓಡುವುದಕ್ಕಾಗಿ ಹುಟ್ಟಿದ ವಸ್ತು ಓಡದೆ ನಿಂತರೆ ಅದರ ಆಕಾರ ಉಳಿಯಿತೇ ಹೊರತು ಅರ್ಥ ಉಳಿಯಲಿಲ್ಲ. ಅದರ ರೂಪ, ನಡಿಗೆ, ಮೂಲ ಕಟ್ಟಡ ಇವು ಬಗ್ಗಿಯ ಸ್ವಭಾವಕ್ಕೆ ಸೇರಿದವು, ಅವನ್ನು ಕಾಪಾಡಬೇಕು. ತಂತಿ, ಬ್ಯಾಟರಿ, ರೇಡಿಯೋಗಳು ಕಾಲಕಾಲಕ್ಕೆ ಬರುವ ಅತಿಥಿಗಳು. ಅವು ಬದಲಾದರೆ ಕೊರತೆಯಿಲ್ಲ.

ಒಂದು ಸರಳ ಅಳತೆಗೋಲನ್ನು ನಾವು ಸೂಚಿಸುತ್ತೇವೆ. ಇಂದು ಮಾಡಿದ ಬದಲಾವಣೆಯನ್ನು ನಾಳೆ ಬೇರೊಬ್ಬರು ತೆಗೆದು ಬಗ್ಗಿಯನ್ನು ಹಿಂದಿನಂತೆ ಮಾಡಬಹುದೇ? ಮಾಡಬಹುದಾದರೆ ಆ ಬದಲಾವಣೆ ಒಳ್ಳೆಯದು. ಕತ್ತರಿಸಿ, ಕೊರೆದು, ಅಂಟಿಸಿ ಹಿಂದಿರುಗಲಾಗದಂತೆ ಮಾಡುವುದಾದರೆ ಎರಡು ಸಲ ಯೋಚಿಸಬೇಕು. ತೆಗೆದ ಹಳೆಯ ಭಾಗಗಳಲ್ಲಿ ಬ್ಯಾಟರಿಯೊಂದನ್ನು ಬಿಟ್ಟು ಉಳಿದವನ್ನು ಒರಸಿ, ಹೆಸರು ಬರೆದು, ಒಂದು ಡಬ್ಬಿಯಲ್ಲಿ ಇರಿಸಬೇಕು. ಯಾವುದನ್ನು ಎಂದು, ಏಕೆ ಬದಲಿಸಿದೆವೆಂದು ಒಂದು ಚೀಟಿಯಲ್ಲಿ ಬರೆದಿಡಬೇಕು. ಮುಂದಿನವರಿಗೆ ಅದು ಬಲು ಉಪಕಾರಿ.

ಇಂಥ ಕೆಲಸವನ್ನು ಮನೆಯ ಹಿರಿಯರು ಮಕ್ಕಳಿಂದ ಮಾಡಿಸುವುದಲ್ಲ, ಮಕ್ಕಳ ಜೊತೆ ಕುಳಿತು ಮಾಡಬೇಕು. ಗೇರು ಹೇಗೆ ಬಲವನ್ನು ಸಾಗಿಸುತ್ತದೆ, ಘರ್ಷಣೆ ಎಲ್ಲಿ ಶಕ್ತಿಯನ್ನು ಕದಿಯುತ್ತದೆ, ವಿದ್ಯುತ್ತಿಗೆ ಏಕೆ ಹೆದರಬೇಕು, ಎಷ್ಟು ಹೆದರಬೇಕು ಎಂಬುದು ಪುಸ್ತಕದ ಪುಟಕ್ಕಿಂತ ಕೈಬೆರಳಿನಲ್ಲಿ ಬೇಗ ನಿಲ್ಲುತ್ತದೆ. ಅದಕ್ಕಿಂತ ಮಿಗಿಲಾಗಿ, ಕೆಟ್ಟುದನ್ನೆಲ್ಲ ಎಸೆಯಬೇಕಾಗಿಲ್ಲ, ಹಳೆಯದನ್ನೆಲ್ಲ ಪೂಜಿಸಬೇಕಾಗಿಯೂ ಇಲ್ಲ, ತಿಳಿದು ಉಳಿಸಬಹುದು ಎಂಬ ಹದ ಮಗುವಿನ ಮನಸ್ಸಿಗೆ ಬರುತ್ತದೆ. ಆ ಹದ ಒಮ್ಮೆ ಬಂದ ಮೇಲೆ ಅದು ಬಗ್ಗಿಯೊಂದಕ್ಕೇ ನಿಲ್ಲುವುದಿಲ್ಲ. ಮನೆಯ ಗಡಿಯಾರಕ್ಕೂ, ಹೊಲದ ಪಂಪಿಗೂ, ಬಾಳಿನ ಇತರ ವ್ಯವಹಾರಗಳಿಗೂ ಒದಗುತ್ತದೆ.