ನಗು ಹಬ್ಬಿ ಶಾಲೆಗೆ ಬೀಗ ಬಿದ್ದಾಗ

1962ರ ಜನವರಿ 30. ಈಗಿನ ತಾಂಜಾನಿಯಾದ ಕಶಾಶಾ ಎಂಬ ಹಳ್ಳಿ. ಅಲ್ಲಿನ ಮಿಷನ್ ಶಾಲೆಯ ಮೂವರು ಹುಡುಗಿಯರಿಗೆ ನಗು ಶುರುವಾಯಿತು, ತಡೆದರೂ ನಿಲ್ಲಲಿಲ್ಲ. ಮಾರ್ಚ್ 18ರಂದು ಶಾಲೆ ಮುಚ್ಚುವ ಹೊತ್ತಿಗೆ 159 ವಿದ್ಯಾರ್ಥಿನಿಯರಲ್ಲಿ 95 ಮಂದಿಗೆ ಅದು ತಗುಲಿತ್ತು. ಊರಿಗೆ ಮರಳಿದ ಹುಡುಗಿಯರ ಬೆನ್ನಿಗೇ ನಗುವೂ ಹೋಯಿತು. ನ್ಶಾಂಬಾ ಎಂಬ ಒಂದೇ ಊರಲ್ಲಿ 217 ಮಂದಿ ಅದಕ್ಕೆ ಸಿಕ್ಕಿಬಿದ್ದರು.

ಇದನ್ನು ತಮಾಷೆಯ ಸಂಗತಿಯೆಂದು ಹೇಳುವವರೇ ಹೆಚ್ಚು. ಆಗ ಅಲ್ಲಿಗೆ ಹೋದ ವೈದ್ಯರ ವರದಿ ಓದಿದರೆ ನಗು ಬರುವುದಿಲ್ಲ. ನಗುವಿನ ನಡುವೆ ಅಳು, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆಂಬ ಭಯ, ಹಿಡಿಯಲು ಹೋದವರ ಮೇಲೆ ಕೈಮಾಡುವಷ್ಟು ಚಡಪಡಿಕೆ. ರಕ್ತ ಪರೀಕ್ಷಿಸಿದರೂ ಕಾರಣ ಸಿಗಲಿಲ್ಲ. ಇನ್ನೊಂದು ವಿಚಿತ್ರ: ಅದೇ ಆವರಣದಲ್ಲಿದ್ದ ಶಿಕ್ಷಕರಲ್ಲಿ ಒಬ್ಬರಿಗೂ ಅದು ಅಂಟಲಿಲ್ಲ.

ಒಬ್ಬರ ಭಾವ ಇನ್ನೊಬ್ಬರಿಗೆ ದಾಟುವ ಮೊದಲ ದಾರಿ ಮುಖ. ಸ್ವೀಡನ್ನಿನ ಉಲ್ಫ್ ಡಿಂಬರ್ಗ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಗುಮುಖ ಅಥವಾ ಸಿಟ್ಟಿನ ಮುಖದ ಚಿತ್ರವನ್ನು ಸೆಕೆಂಡಿನ ನೂರರಲ್ಲಿ ಮೂರು ಭಾಗದಷ್ಟು ಹೊತ್ತು ಮಾತ್ರ ತೋರಿಸಿ, ತಕ್ಷಣ ನಿರ್ಭಾವದ ಮುಖವೊಂದನ್ನು ತೋರಿಸಿದರು. ನೋಡಿದವರಿಗೆ ಮೊದಲನೆಯದನ್ನು ಕಂಡ ಅರಿವೇ ಇಲ್ಲ. ಆದರೂ ನಗುಮುಖಕ್ಕೆ ಅವರ ಕೆನ್ನೆಯ ಸ್ನಾಯು, ಸಿಟ್ಟಿನ ಮುಖಕ್ಕೆ ಹುಬ್ಬಿನ ಸ್ನಾಯು ಮಿಡಿದಿದ್ದವು. ಹೀಗೆ ಅನುಕರಿಸಿದ ಮುಖ ಮನಸ್ಸನ್ನೂ ತನ್ನತ್ತ ಎಳೆಯುತ್ತದೆ ಎಂಬುದು ಮನೋವಿಜ್ಞಾನಿ ಎಲೈನ್ ಹ್ಯಾಟ್‌ಫೀಲ್ಡ್ ಅವರ ವಾದ. ಆದರೆ ಈ ಎಳೆತ ಸಣ್ಣದು ಎನ್ನುತ್ತವೆ ಈಚಿನ ಪ್ರಯೋಗಗಳು.

ಹಾಗಾಗಿ ಕಶಾಶಾದಲ್ಲಿ ನಡೆದದ್ದಕ್ಕೆ ಅನುಕರಣೆಯೊಂದೇ ಉತ್ತರವಾಗದು. ಅದು ಕಿಡಿಯಷ್ಟೇ, ಒಣಹುಲ್ಲು ಮೊದಲೇ ಬಿದ್ದಿತ್ತು. ಮನೆ ಬಿಟ್ಟು ಬಂದ ಹರೆಯದ ಹುಡುಗಿಯರು, ಕಟ್ಟುನಿಟ್ಟಿನ ಶಾಲೆ, ಎದುರುಮಾತಾಡುವಂತಿಲ್ಲದ ಒತ್ತಡ. ಈ ಪ್ರಕರಣವನ್ನು ಮರುಪರಿಶೀಲಿಸಿದ ಕ್ರಿಶ್ಚಿಯನ್ ಹೆಂಪಲ್ಮನ್ ಒತ್ತಿ ಹೇಳುವುದೂ ಇದನ್ನೇ. ಶಿಕ್ಷಕರು ಪಾರಾದದ್ದು ಏಕೆಂಬುದಕ್ಕೂ ನನಗೆ ಇಲ್ಲೇ ಸುಳಿವು ಕಾಣುತ್ತದೆ: ಆ ಒತ್ತಡ ಅವರದಾಗಿರಲಿಲ್ಲ.

ಮುಖವನ್ನೇ ನೋಡದೆಯೂ ಭಾವ ಹಬ್ಬೀತೇ? 2012ರ ಜನವರಿಯಲ್ಲಿ ಫೇಸ್‌ಬುಕ್ ಒಂದು ವಾರ 6,89,003 ಬಳಕೆದಾರರ ಮೇಲೆ ಇದನ್ನು ಪರೀಕ್ಷಿಸಿತು. ಕೆಲವರಿಗೆ ಗೆಳೆಯರ ಸಂತಸದ ಬರಹಗಳನ್ನು, ಕೆಲವರಿಗೆ ಬೇಸರದವನ್ನು ಕಡಿಮೆ ಮಾಡಿತು. ಅವರು ಬರೆದದ್ದೂ ಅದೇ ದಿಕ್ಕಿಗೆ ವಾಲಿತು, ಆದರೆ ಕೂದಲೆಳೆಯಷ್ಟು. ನನಗೆ ಆ ಫಲಿತಾಂಶಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆಯೇ: ಆ ಜನರಿಗೆ ಪ್ರಯೋಗದ ಸುಳಿವನ್ನೂ ಕೊಟ್ಟಿರಲಿಲ್ಲ. ಅಧ್ಯಯನವನ್ನು ಅಚ್ಚು ಹಾಕಿದ ಪತ್ರಿಕೆಯೇ ಈ ಬಗ್ಗೆ ಮುಂದೆ ಕಳವಳದ ಟಿಪ್ಪಣಿ ಪ್ರಕಟಿಸಬೇಕಾಯಿತು.