ಅರಿವು ಧಾರಣೆಯಾಗುವ ಬಗೆ

ಬಾಲ್ಯದಲ್ಲಿ ಕಲಿತ ಪಂಚನಮಸ್ಕಾರ ಮಂತ್ರವನ್ನು ಎಂಬತ್ತು ದಾಟಿದ ಹಿರಿಯರು ಒಂದಕ್ಷರವೂ ತಪ್ಪದೆ ಹೇಳುತ್ತಾರೆ. ಬೆಳಿಗ್ಗೆ ಬಸದಿಯಲ್ಲಿ ಮಾತನಾಡಿಸಿದವರು ಯಾರೆಂಬುದು ಮಾತ್ರ ಸಂಜೆಯ ಹೊತ್ತಿಗೆ ಅವರ ನೆನಪಿಗೆ ಬಾರದು. ಏಳು ದಶಕಗಳ ಹಿಂದಿನದು ಉಳಿದು, ಏಳು ತಾಸಿನ ಹಿಂದಿನದು ಅಳಿದುಹೋಗುವುದು ಹೇಗೆ? ಮನೆಮಂದಿ ಇದನ್ನು ಅರಳುಮರಳೆಂದು ತಳ್ಳಿಹಾಕುವುದುಂಟು. ಅರಿವು ನೆಲೆಗೊಳ್ಳುವ ಬಗೆಯನ್ನು ತಿಳಿದವರು ಹಾಗೆ ತಳ್ಳಿಹಾಕಲಾರರು.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದಲ್ಲಿ ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳನ್ನು ಹೇಳಿದ್ದಾರೆ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಇದಕ್ಕೆ ಕೊಡುವ ದೃಷ್ಟಾಂತ ಸರಳವಾದುದು. ದೂರದಲ್ಲಿ ಏನೋ ಬೆಳ್ಳಗೆ ಕಂಡಿತು, ಅದು ಅವಗ್ರಹ. ಬೆಳ್ಳಕ್ಕಿಯೋ ಬಾವುಟವೋ ಎಂಬ ಸಂದೇಹ ಮೂಡಿ, ಬೆಳ್ಳಕ್ಕಿಯಿರಬೇಕೆಂದು ಅರಿವು ಅತ್ತ ಬಾಗಿತು, ಅದು ಈಹಾ. ರೆಕ್ಕೆ ಬಡಿದುದನ್ನು ಕಂಡು ಬೆಳ್ಳಕ್ಕಿಯೇ ಎಂದು ನಿಶ್ಚಯವಾಯಿತು, ಅದು ಅವಾಯ. ಬೆಳಿಗ್ಗೆ ಕಂಡ ಬೆಳ್ಳಕ್ಕಿ ಇದೇ ಎಂದು ಆಮೇಲೆ ಗುರುತಿಸಲು ಕಾರಣವಾಗಿ ಒಳಗೆ ಉಳಿಯುವುದು ಧಾರಣಾ. ಕಣ್ಣಿಗೆ ಬಿದ್ದುದೆಲ್ಲ ನೆನಪಾಗಿ ಉಳಿಯದಿರುವುದಕ್ಕೆ ಕಾರಣ ಇಲ್ಲಿಯೇ ದೊರೆಯುತ್ತದೆ. ಗಮನವಿಟ್ಟು ವಿಚಾರಿಸದ, ನಿಶ್ಚಯಿಸದ ವಿಷಯ ಧಾರಣೆಯ ಮೆಟ್ಟಿಲನ್ನೇ ತಲುಪುವುದಿಲ್ಲ. ಗ್ರಹಣವು ಧ್ರುವವೂ ಆಗಬಹುದು, ಅಧ್ರುವವೂ ಆಗಬಹುದು ಎಂದು ಆಚಾರ್ಯರು ವಿಂಗಡಿಸಿ, ಮತಿಜ್ಞಾನದ ಭೇದಗಳನ್ನು 336ರವರೆಗೆ ಎಣಿಸಿದ್ದಾರೆ. ಲೆಕ್ಕ ಒಣದೆನಿಸಬಹುದು, ಅದರ ಹಿಂದಿನ ಸೂಕ್ಷ್ಮಾವಲೋಕನ ಒಣದಲ್ಲ.

ಆಧುನಿಕ ವಿಜ್ಞಾನಕ್ಕೆ ಈ ವಿಷಯದಲ್ಲಿ ದೊಡ್ಡ ಪಾಠ ಕಲಿಸಿದವನು ಅಮೆರಿಕದ ಹೆನ್ರಿ ಮೊಲೈಸನ್. ಅಪಸ್ಮಾರದ ಶಮನಕ್ಕೆಂದು 1953ರಲ್ಲಿ ನಡೆದ ಶಸ್ತ್ರಚಿಕಿತ್ಸೆಯಲ್ಲಿ ಅವನ ಮಿದುಳಿನ ಎರಡೂ ಪಾರ್ಶ್ವಗಳ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆಯಲಾಯಿತು. ಆಮೇಲೆ ಅವನಿಗೆ ಬಾಲ್ಯ ನೆನಪಿತ್ತು. ಹೊಸದಾಗಿ ಕಂಡವರು ಮಾತ್ರ ಕೆಲವೇ ನಿಮಿಷಗಳಲ್ಲಿ ಅಪರಿಚಿತರಾಗುತ್ತಿದ್ದರು. ನೆನಪು ನೆಲೆಗೊಳ್ಳಲು ಬೇಕಾದ ಬಾಗಿಲು ಬೇರೆ, ಹಳೆಯ ನೆನಪು ನೆಲೆಸಿರುವ ಎಡೆ ಬೇರೆ ಎಂಬುದು ಇದರಿಂದ ಹೊರಪಟ್ಟಿತು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನಿಂದ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯನ್ನು ಬರೆಸಿದರು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಹಿಂದೆ ಬರೆದುದು ಅವನಿಗೆ ನೆನಪೇ ಇರಲಿಲ್ಲ. ಅಭ್ಯಾಸದಿಂದ ಬಂದುದು ಬೇರೊಂದು ದಾರಿಯಲ್ಲಿ ಉಳಿದಿತ್ತು. ನಿತ್ಯಪಾಠದ ಮಂತ್ರ ಹಿರಿಯರ ನಾಲಗೆಯಲ್ಲಿ ಬಹುಕಾಲ ನಿಲ್ಲುವುದರಲ್ಲಿಯೂ ಆವೃತ್ತಿಯ ಬಲವೇ ಇದೆ.

ವಿಜ್ಞಾನವು ಇಂದು ಕಂಡುದನ್ನೆಲ್ಲ ಆಚಾರ್ಯರು ಅಂದೇ ಹೇಳಿದ್ದರೆಂಬ ಉತ್ಸಾಹ ಸಲ್ಲದು. ಒಂದು ಮಿದುಳನ್ನು ಪರೀಕ್ಷಿಸುತ್ತದೆ, ಇನ್ನೊಂದು ಆತ್ಮವನ್ನು ಕುರಿತು ಹೇಳುತ್ತದೆ. ಜೈನ ದರ್ಶನದಲ್ಲಿ ಜ್ಞಾನವು ಜೀವದ ಗುಣ; ಇಂದ್ರಿಯ ಮತ್ತು ಮನಸ್ಸು ಮತಿಜ್ಞಾನಕ್ಕೆ ನಿಮಿತ್ತಗಳು. ಜ್ಞಾನಾವರಣೀಯ ಕರ್ಮದ ಕ್ಷಯೋಪಶಮವಿದ್ದಷ್ಟು ಅರಿವು ಬೆಳಗುತ್ತದೆ. ಮೋಡ ಕವಿದಾಗ ಸೂರ್ಯನು ಇಲ್ಲವಾಗುವುದಿಲ್ಲ. ಮಗನ ಹೆಸರನ್ನೇ ಮರೆತ ತಾಯಿಯ ಎದುರಿನಲ್ಲಿ, ‘ಇವರಿಗೇನು ತಿಳಿಯುತ್ತದೆ’ ಎಂದು ಆಡುವ ಮಾತು ಈ ಕಾರಣದಿಂದ ಅವಿನಯವಷ್ಟೇ ಅಲ್ಲ, ಸಿದ್ಧಾಂತದ ದೃಷ್ಟಿಯಿಂದ ಅಸತ್ಯವೂ ಹೌದು.

ನೆನಪನ್ನು ಎಷ್ಟು ನಂಬಬೇಕು ಎಂಬುದು ಇನ್ನೂ ಕಠಿಣವಾದ ಪ್ರಶ್ನೆ. ನೈಯಾಯಿಕರೂ ಮೀಮಾಂಸಕರೂ ಸ್ಮೃತಿಯನ್ನು ಪ್ರಮಾಣವೆಂದು ಒಪ್ಪಲಿಲ್ಲ. ಜೈನ ತಾರ್ಕಿಕರು ಅದನ್ನು ಪರೋಕ್ಷ ಪ್ರಮಾಣಗಳಲ್ಲಿ ಸೇರಿಸಿದರು. ಸ್ಮೃತಿಯಿಲ್ಲದೆ ಅನುಮಾನವೂ ಸಾಗದು, ಕೊಟ್ಟ ಮಾತಿನ ವ್ಯವಹಾರವೂ ಸಾಗದು. ಆದರೂ ಅವರು ಎಚ್ಚರ ತಪ್ಪಲಿಲ್ಲ. ಜಿನದತ್ತನನ್ನು ಕಂಡು ‘ಆ ದೇವದತ್ತ’ ಎಂದುಕೊಳ್ಳುವಂಥ ಸ್ಮರಣಾಭಾಸವನ್ನು ಮಾಣಿಕ್ಯನಂದಿಗಳು ಪರೀಕ್ಷಾಮುಖದಲ್ಲಿ ತೋರಿಸಿದ್ದಾರೆ. ನೆನೆದಾಗಲೆಲ್ಲ ನೆನಪು ಮರುಜೋಡಣೆಗೊಳ್ಳುತ್ತದೆ, ಆಗ ಬದಲಾಗಲೂಬಹುದು ಎಂಬುದು ಈಗಿನ ವಿಜ್ಞಾನಿಗಳ ಅಭಿಪ್ರಾಯ. ಹಳೆಯ ಅವಮಾನವನ್ನು ಮೆಲುಕು ಹಾಕುವವನ ಪಾಡು ಇದರಿಂದ ಸ್ಪಷ್ಟವಾಗುತ್ತದೆ. ಪ್ರತಿ ಮೆಲುಕಿನಲ್ಲಿಯೂ ಅವಮಾನ ಹೊಸದಾಗುತ್ತದೆ, ತನ್ನ ತಪ್ಪು ಚಿಕ್ಕದಾಗುತ್ತದೆ.

ಭಗವಾನ್ ಪಾರ್ಶ್ವನಾಥರ ಭವಾವಳಿಯ ಕಮಠನು ಇಂಥವನೇ. ತಮ್ಮನಾದ ಮರುಭೂತಿಯ ಪತ್ನಿಯ ವಿಷಯದಲ್ಲಿ ತಪ್ಪೆಸಗಿದವನು ತಾನು. ಗಡೀಪಾರಾದ ಮೇಲೆ ಅವನ ಮನದಲ್ಲಿ ಉಳಿದುದು ತನ್ನ ಅಪರಾಧವಲ್ಲ, ತಮ್ಮನ ಮೇಲಿನ ಹಗೆ. ಕ್ಷಮೆ ಬೇಡಿ ಬಾಗಿದ ಮರುಭೂತಿಯನ್ನು ಅವನು ಕಲ್ಲಿನಿಂದ ಜಜ್ಜಿ ಕೊಂದ. ಮುಂದಿನ ಭವದಲ್ಲಿ ಮರುಭೂತಿ ಆನೆಯಾದ, ಕಮಠ ಸರ್ಪವಾದ. ಮದವೇರಿ ನುಗ್ಗಿದ ಆ ಆನೆ, ಹಿಂದೆ ತನ್ನ ದೊರೆಯಾಗಿದ್ದ ಅರವಿಂದ ಮುನಿಗಳ ಎದುರು ನಿಂತಾಗ ಜಾತಿಸ್ಮರಣೆಯನ್ನು ಪಡೆಯಿತು. ಕಲ್ಲೆತ್ತಿದ ಅಣ್ಣನ ಬೇಟೆಗೆ ಅದು ಹೊರಡಲಿಲ್ಲ. ಮುನಿಗಳಿಂದ ವ್ರತಗಳನ್ನು ಸ್ವೀಕರಿಸಿ, ಒಣಗಿದ ಎಲೆ ಹುಲ್ಲು ತಿಂದು ಬದುಕಿತು. ನೀರು ಕುಡಿಯಲು ಹೋಗಿ ಕೆಸರಿನಲ್ಲಿ ಸಿಲುಕಿದಾಗ, ಹಳೆಯ ಹಗೆಯ ಸರ್ಪ ಬಂದು ಕಚ್ಚಿತು. ಆನೆ ಸಮಭಾವದಿಂದ ಪ್ರಾಣಬಿಟ್ಟು ದೇವಗತಿಗೆ ಸಂದಿತು.